ಪೂರ್ಣ ಹಾಜರಿ

ಸತ್ತವರ ಸುದ್ದಿ ಊರಿಗೆಲ್ಲ ತಾನಾಗಿಯೇ ಮುಟ್ಟುತ್ತದೆ, ಕಾಗದಪತ್ರಕ್ಕೆ ಮಾತ್ರ ಯಾರಾದರೂ ಹೋಗಿ ಹೇಳಬೇಕು. ಶಿವಮೊಗ್ಗದಲ್ಲಿ ಸಿಸ್ಟರ್‌ಗಳು ನಡೆಸುವ ಆ ಶಾಲೆಯ ಹಾಜರಿ ಪುಸ್ತಕದ ಸ್ವಭಾವವೂ ಅದೇ. ಒಮ್ಮೆ ಹೆಸರು ಬಿತ್ತೆಂದರೆ ಬಿತ್ತು. ಅಪ್ಪನೋ ಅಮ್ಮನೋ ಬಂದು ಟಿ.ಸಿ.ಗೆ ಅರ್ಜಿ ಕೊಟ್ಟು, ಶಾಲೆ ಬಿಡಲು ಕಾರಣವೇನೆಂದು ಬರೆದು, ಸಹಿ ಹಾಕಿ ಕಾಗದ ಒಯ್ಯುವ ತನಕ ಆ ಮಗು ಶಾಲೆ ಬಿಟ್ಟ ಹಾಗಲ್ಲ. ಬೇಸಿಗೆ ರಜೆ ಮುಗಿದದ್ದೇ ಹೆಸರು ತಾನಾಗಿ ಮುಂದಿನ ತರಗತಿಗೆ ಹತ್ತಿ ಕೂರುತ್ತದೆ.

ಇಂಪನಾಳ ಹೆಸರೂ ಹಾಗೆಯೇ ಹತ್ತಿಕೊಂಡು ಬಂದಿತ್ತು. ಏಳನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಡೆಂಗಿ ಜ್ವರ ಬಂದು ನಾಲ್ಕೇ ದಿನಕ್ಕೆ ಹುಡುಗಿ ತೀರಿಕೊಂಡಳು. ಅವಳ ಅಮ್ಮ ವೇದಾವತಿ ಅದೇ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕನ್ನಡ ಮಿಸ್ಸು. ಅಪ್ಪ ಜ್ಞಾನೇಶನಿಗೆ ಭದ್ರಾವತಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಬೆಳಗಾದರೆ ವಿನೋಬನಗರದ ಮನೆಯಿಂದ ಹೊರಟು ಬಸ್ಸು ಹಿಡಿಯುವ ಮನುಷ್ಯ. ಮರಣ ಪತ್ರವನ್ನು ಅವನೇ ಪಾಲಿಕೆಯಿಂದ ತಂದು ಬೀರುವಿನಲ್ಲಿಟ್ಟ. ಟಿ.ಸಿ. ತರುವ ಕೆಲಸ ಹೆಂಡತಿಯದು, ದಿನಾ ಅಲ್ಲಿಗೇ ಹೋಗುವವಳಲ್ಲವೇ? ವೇದಾವತಿ ನಾಳೆ ಎಂದಳು. ಆ ನಾಳೆಗೆ ಎರಡು ವರ್ಷ ತುಂಬಿತು. ಎಂಟು ಮತ್ತು ಒಂಬತ್ತನೇ ತರಗತಿಯ ಮಿಸ್ಸುಗಳು, ಪಾಪ, ಹಾಜರಿ ಕರೆಯುವಾಗ ಹದಿನಾರಾದ ಮೇಲೆ ಇಂಪನಾಳ ಹದಿನೇಳನ್ನು ಬಿಟ್ಟು ನೇರ ಹದಿನೆಂಟಕ್ಕೆ ಹಾರುತ್ತಿದ್ದರು. ಹೆತ್ತ ಕರುಳಿನ ಎದುರು ಯಾರು ಬಾಯಿ ಬಿಡುತ್ತಾರೆ?

ಮಗಳಿದ್ದಿದ್ದರೆ ಹತ್ತನೇ ತರಗತಿಗೆ ಬರುತ್ತಿದ್ದ ವರ್ಷ ವೇದಾವತಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ವಿಮಲಾರ ಮುಂದೆ ಹೋಗಿ ನಿಂತು, ಹತ್ತನೇ ತರಗತಿಯನ್ನು ತನಗೇ ಕೊಡಬೇಕೆಂದು ಕೇಳಿದಳು. ಸಿಸ್ಟರ್ ಅವಳ ಮುಖವನ್ನು ಒಂದು ಗಳಿಗೆ ನೋಡಿ ಆಗಲಿ ಎಂದರು. ಜೂನ್ ಮೊದಲ ವಾರ, ಮೊದಲ ದಿನ. ಈ ಶಾಲೆಯಲ್ಲಿ ಹಾಜರಿಯ ಕ್ರಮ ಅಕ್ಷರಮಾಲೆಯದಲ್ಲ, ಎಲ್.ಕೆ.ಜಿ.ಗೆ ಸೇರಿದ ದಿನದ್ದು. ಹಿಂದಿನಿಂದ ಬಂದ ಪದ್ಧತಿ. ವೇದಾವತಿ ಒಂದರಿಂದ ಕರೆಯುತ್ತ ಬಂದಳು. ಹಾರಬೇಕೆಂಬುದು ತಲೆಗೆ ನೆನಪಿತ್ತು, ನಾಲಿಗೆಗೆ ನೆನಪಿರಲಿಲ್ಲ.

"ಹದಿನೇಳು. ಇಂಪನಾ."

"ಪ್ರೆಸೆಂಟ್ ಮಿಸ್."

ಕಿಟಕಿ ಪಕ್ಕದ ಮೂರನೇ ಬೆಂಚಿನಿಂದ ಬಂತು. ಆ ಬೆಂಚಿನ ತುದಿ ಖಾಲಿ. ವೇದಾವತಿ ಪೆನ್ನನ್ನು ಮೇಜಿಗೆ ಕುಕ್ಕಿದಳು.

"ಯಾರದು? ಇಂಥ ವಿಷ್ಯದಲ್ಲೂ ತಮಾಷೆ ಮಾಡ್ತೀರಾ? ಎದ್ದು ನಿಲ್ಲಿ, ಯಾರದು?"

ಯಾರೂ ನಗಲಿಲ್ಲ. ಪಿಸುಗುಟ್ಟಲೂ ಇಲ್ಲ. ನಲವತ್ತು ಮಕ್ಕಳಿರುವ ತರಗತಿ ಅಷ್ಟು ಸುಮ್ಮನಿರುವುದನ್ನು ಅವಳು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಕೊನೆಗೆ ಹದಿನೆಂಟನೆಯವಳು, ಗೋಪಾಳ ಬಡಾವಣೆಯ ರಂಜಿನಿ, ಎದ್ದು ನಿಂತಳು. ಇಂಪನಾ ಮತ್ತು ಅವಳು ಒಂದೇ ದಿನ ಶಾಲೆಗೆ ಸೇರಿದವರು, ಒಂದೇ ಬೆಂಚಿನಲ್ಲಿ ಬೆಳೆದವರು.

"ಯಾರೂ ತಮಾಷೆ ಮಾಡಿಲ್ಲ ಮಿಸ್," ಎಂದಳು, ತಲೆ ತಗ್ಗಿಸಿ.

ಸ್ಟಾಫ್ ರೂಮಿನ ನಲ್ಲಿಯಲ್ಲಿ ಮುಖ ತೊಳೆದುಕೊಳ್ಳುವಾಗ ವೇದಾವತಿಗೆ ನಿಜವಾದ ಭಯ ಹತ್ತಿಕೊಂಡಿತು. ಅವಳಿಗೆ ನೆನಪಿದ್ದದ್ದು ಹದಿಮೂರರ ಹುಡುಗಿಯ ಕೀರಲು ದನಿ. ಯಾರಾದರೂ ಅಣಕಿಸುವುದಾದರೆ ಅದನ್ನೇ ಅಣಕಿಸಬೇಕಿತ್ತು. ಇವತ್ತು ಕೇಳಿದ್ದು ಹದಿನೈದರ ದನಿ. ಸ್ವಲ್ಪ ದಪ್ಪ, ಜ್ಞಾನೇಶನ ಅಕ್ಕಂದಿರದೇ ದನಿ. ಎರಡು ವರ್ಷದಲ್ಲಿ ಅದು ಬೆಳೆದಿತ್ತು.

ಮಾರನೆಯ ದಿನ ಬೇಕೆಂದೇ ಕರೆದಳು. ಉತ್ತರ ಬಂತು. ಅದರ ಮಾರನೆಯ ದಿನವೂ ಬಂತು. ಮನುಷ್ಯರು ಎಂಥದಕ್ಕೂ ಒಗ್ಗಿಕೊಳ್ಳುತ್ತಾರೆ ನೋಡಿ, ತಿಂಗಳು ಕಳೆಯುವಷ್ಟರಲ್ಲಿ ವೇದಾವತಿ ಬೆಳಿಗ್ಗೆ ಬೇಗ ಎದ್ದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೂ ಮುಡಿದು ಹೊರಡಲು ಶುರು ಮಾಡಿದಳು. ಹದಿನೇಳರ ಸಾಲಿನಲ್ಲಿ ದಿನಾ ನೀಲಿ ಶಾಯಿಯ 'ಪಿ' ಬಿತ್ತು. ಭಾನುವಾರ ಅವಳ ಪಾಲಿಗೆ ಕೆಟ್ಟ ದಿನವಾಯಿತು. ಒಂದು ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಬೈಯುತ್ತಾನೆ, ಇಲ್ಲವೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ ಎಂದುಕೊಂಡಿದ್ದಳು. ಜ್ಞಾನೇಶ ಊಟದ ತಟ್ಟೆಯನ್ನು ಆಚೆ ಸರಿಸಿದ.

"ಚೆನ್ನಾಗಿದ್ದಾಳಾ?" ಎಂದು ಕೇಳಿದ.

ಚೆನ್ನಾಗಿದ್ದಾಳೆ ಎಂದಳು ವೇದಾವತಿ. ಅದೊಂದನ್ನು ಅವಳು ಯಾರನ್ನೂ ವಿಚಾರಿಸಿಯೇ ಇರಲಿಲ್ಲ.

ಆ ವರ್ಷ ಶಾಲೆಗೆ ಒಳ್ಳೆಯ ವರ್ಷ. ಸೆಪ್ಟೆಂಬರಿನಲ್ಲಿ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ ಒಂಬತ್ತು ದಿನ ಮಕ್ಕಳು ಮನೆಯಿಂದ ಹೂ ತಂದು ಪ್ರಾರ್ಥನಾ ಮಂದಿರದಲ್ಲಿ ಅರ್ಪಿಸುವುದು ವಾಡಿಕೆ. ಅಲ್ಲಿ ಜಾತಿ ಮತ ಯಾರೂ ನೋಡುವುದಿಲ್ಲ. ಸೇವಂತಿಗೆ, ಕನಕಾಂಬರ, ಯಾರ ಹಿತ್ತಲಲ್ಲಿ ಏನಿದೆಯೋ ಅದು. ವೇದಾವತಿ ತನ್ನ ತರಗತಿಯ ಬುಟ್ಟಿಯ ಪಕ್ಕ ನಿಂತು ಎಣಿಸಿದಳು. ನಲವತ್ತು ಮಕ್ಕಳು ನಲವತ್ತು ಪೊಟ್ಟಣ. ಅವುಗಳಡಿ ಪೊಟ್ಟಣವಿಲ್ಲದ ಒಂದು ಹಿಡಿ ದೇವಗಣಗಿಲೆ, ಶಾಲೆಯ ಹಿಂದಿನ ಮರದ್ದು, ತೊಟ್ಟಿನಲ್ಲಿ ಇನ್ನೂ ಹಾಲು ಒಸರುತ್ತಿತ್ತು. ಒಂಬತ್ತು ದಿನವೂ ಹಾಗೆಯೇ ಆಯಿತು. ಇಷ್ಟು ಮಕ್ಕಳಲ್ಲಿ ಇವಳಿಗೆ ಮಾತ್ರ ಮನೆಯ ಹೂವಿಲ್ಲವೇ ಎಂದು ವೇದಾವತಿಗೆ ಒಮ್ಮೆ ಚುರುಕ್ಕೆಂದಿತು. ಆದರೆ ಸಂತೋಷದಲ್ಲಿದ್ದವರು ಹೆಚ್ಚು ಯೋಚಿಸುವುದಿಲ್ಲ.

ನವೆಂಬರಿನಲ್ಲಿ ಅಂತರಶಾಲಾ ಗಾಯನ ಸ್ಪರ್ಧೆ ಇವರ ಸಭಾಂಗಣದಲ್ಲೇ ನಡೆಯಿತು. ತಂಡಕ್ಕೆ ಇಪ್ಪತ್ತೇ ಜನ ಎಂಬ ನಿಯಮ. ಇವರ ಮಕ್ಕಳು ಹಾಡಿ ಮುಗಿಸಿದ್ದೇ ತಡ, ಭದ್ರಾವತಿಯಿಂದ ತಂಡ ತಂದಿದ್ದ ಮೇಷ್ಟ್ರು ತ್ರಿವಿಕ್ರಮ ಎದ್ದು ನಿಂತು, "ಇಪ್ಪತ್ತೊಂದು ಜನ ಇದಾರೆ, ಇದು ಮೋಸ!" ಎಂದು ಗಲಾಟೆ ತೆಗೆದರು. ವೇದಿಕೆಯ ಮೇಲೆ ನಿಲ್ಲಿಸಿ ಎಣಿಸಿದರು, ಇಪ್ಪತ್ತು. ಅವರೇ ಹತ್ತಿ ಬೆರಳು ಮಡಚಿ ಎಣಿಸಿದರು, ಆಗಲೂ ಇಪ್ಪತ್ತು. "ಹಿಂದಿನ ಸಾಲಿನಲ್ಲಿ ಎತ್ತರದ ಹುಡುಗಿ ಇದ್ಲಲ್ರೀ, ಎರಡು ಜಡೆ," ಎನ್ನುತ್ತ ಆ ಮನುಷ್ಯ ಪೆಚ್ಚಾಗಿ ಇಳಿದು ಹೋದರು. ಒಂಬತ್ತು ವರ್ಷದ ಮೇಲೆ ಶಾಲೆಗೆ ಮೊದಲ ಬಹುಮಾನ ಬಂತು. ಪ್ರೇಕ್ಷಕರ ನಡುವೆ ಕೂತಿದ್ದ ವೇದಾವತಿ ಚಪ್ಪಾಳೆ ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅವಳಿಗಂತೂ ಕಾಣದ್ದೂ ಮುದ್ದಾಗಿತ್ತು.

ಕುತ್ತು ಬಂದದ್ದು ಜನವರಿಯಲ್ಲಿ, ವಾರ್ಷಿಕೋತ್ಸವದ ವರದಿ ತಯಾರಾಗುವಾಗ. ವರ್ಷವಿಡೀ ಒಂದು ದಿನವೂ ತಪ್ಪಿಸದ ಮಗುವಿಗೆ ಪೂರ್ಣ ಹಾಜರಿಯ ಪದಕ ಹಾಕುವುದು ಶಾಲೆಯ ಹಳೆಯ ಸಂಪ್ರದಾಯ. ಆಫೀಸಿನ ಗುಮಾಸ್ತ ಸುನಿಲ್ ಎಲ್ಲ ತರಗತಿಗಳ ಹಾಜರಿಯನ್ನು ಕಂಪ್ಯೂಟರಿಗೆ ಹಾಕಿ ಪಟ್ಟಿ ತೆಗೆದ. ಮದುವೆ, ಜ್ವರ, ಅಜ್ಜಿ ಮನೆ ಎಂದು ಎಲ್ಲರೂ ಒಂದೆರಡು ದಿನವಾದರೂ ತಪ್ಪಿಸಿಕೊಂಡವರೇ. ಇಡೀ ಶಾಲೆಯಲ್ಲಿ ಒಂದೇ ಹೆಸರು ಬಂತು. ಸುನಿಲ್ ಆ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಸಿಸ್ಟರ್ ವಿಮಲಾರ ಮೇಜಿನ ಮೇಲಿಟ್ಟು, ಮಧ್ಯಾಹ್ನ ರಜೆ ಹಾಕಿ ಮನೆಗೆ ಹೋದ.

ಸಿಸ್ಟರ್ ವೇದಾವತಿಯನ್ನು ಕರೆಸಿ ಬಾಗಿಲು ಹಾಕಿದರು.

"ನಾನೂ ಕೇಳಿದ್ದೀನಿ ವೇದಾವತಿ. ಕಾರಿಡಾರಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೀನಿ. ಸುಮ್ನಿದ್ದದ್ದು ನನ್ನ ತಪ್ಪು. ಆದ್ರೆ ಪದಕ ಹಾಕೋಕೆ ಕೊರಳು ಬೇಕಲ್ಲಮ್ಮಾ?"

"ಪದಕ ಬೇಡ ಸಿಸ್ಟರ್. ಹೆಸರು ಮಾತ್ರ ಹೊಡೆದು ಹಾಕ್ಬೇಡಿ."

"ಫೆಬ್ರವರಿಗೆ ಬೀಳ್ಕೊಡುಗೆ ಇದೆ. ಎಲ್ಲರ ಜೊತೆ ಅವಳ ಹೆಸರನ್ನೂ ಕರೆದು ಕಳಿಸಿಕೊಡು. ಟಿ.ಸಿ. ಕಾಗದ ಆಮೇಲೆ ಮಾಡೋಣ. ನೀನು ಕರೀದೆ ಹೋದ್ರೆ ಅವಳು ಹೋಗಲ್ಲ."

ಹೋಗದಿದ್ದರೆ ಒಳ್ಳೆಯದೇ ಅಲ್ಲವೇ? ಪರೀಕ್ಷೆ ಬರೆಯದವಳು ಮುಂದಿನ ಜೂನಿಗೂ ಹತ್ತನೇ ತರಗತಿಯಲ್ಲೇ ಇರುತ್ತಾಳೆ. ಇನ್ನೂ ಹನ್ನೊಂದು ವರ್ಷ ಸರ್ವೀಸಿದೆ, ಹನ್ನೊಂದು ವರ್ಷ ಬೆಳಿಗ್ಗೆ ಒಂಬತ್ತೂವರೆಗೆ ಮಗಳ ದನಿ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಬೀಳ್ಕೊಡುಗೆಯ ದಿನ ಹದಿನಾರರಿಂದ ಹದಿನೆಂಟಕ್ಕೆ ಹಾರಿಬಿಟ್ಟರೆ ಸಾಕು. ಆಗಲಿ ಸಿಸ್ಟರ್ ಎಂದು ತಲೆಯಾಡಿಸಿ ವೇದಾವತಿ ಹೊರಗೆ ಬಂದಳು. ಇಷ್ಟು ವರ್ಷದಲ್ಲಿ ಅವಳು ಸಿಸ್ಟರಿಗೆ ಹೇಳಿದ ಮೊದಲ ಸುಳ್ಳು ಅದು.

ಬೀಳ್ಕೊಡುಗೆಗೆ ಎರಡು ದಿನ ಇರುವಾಗ, ಸಂಜೆ ಗಂಟೆ ಹೊಡೆದ ಮೇಲೆ, ರಂಜಿನಿ ಚೀಲ ಹೆಗಲಿಗೇರಿಸಿಕೊಂಡು ತರಗತಿಯಲ್ಲೇ ಉಳಿದಳು.

"ಮಿಸ್, ಒಂದು ವಿಷ್ಯ. ಬೈಬೇಡಿ. ಇಂಪನಾ ದಿನಾ ಸಂಜೆ ನಮ್ ಜೊತೆ ಗೇಟಿನ ತನಕ ಬರ್ತಾಳೆ. ಅಲ್ಲಿಂದಾಚೆ ಅವಳಿಗೆ ಬರೋಕಾಗಲ್ಲ."

ವೇದಾವತಿಯ ಕೈಯಲ್ಲಿದ್ದ ಸೀಮೆಸುಣ್ಣ ಬಿತ್ತು. "ನಿಂಗೆ ಕಾಣ್ತಾಳಾ?"

"ನಮ್ ಕ್ಲಾಸಿನವ್ರಿಗೆಲ್ಲ ಕಾಣ್ತಾಳೆ ಮಿಸ್."

"ನಂಗ್ಯಾಕೆ ಕಾಣಲ್ಲ ಹಾಗಾದ್ರೆ? ನಾನು ಹೆತ್ತವಳಲ್ವೇನೇ?"

ರಂಜಿನಿ ಚೀಲದ ಪಟ್ಟಿ ಎಳೆದುಕೊಳ್ಳುತ್ತ ಹೇಳಿದಳು, "ಮೊದಲೆಲ್ಲ ಖುಷಿಯಾಗಿದ್ಲು. ಈಗ ಮಾತೇ ಕಮ್ಮಿ. ಭಾನುವಾರ ಇಡೀ ದಿನ ಒಬ್ಬಳೇ ಇಲ್ಲಿ ಕೂತಿರ್ತಾಳಂತೆ. ದಸರಾ ರಜೇಲಿ ಬೆಂಚೆಲ್ಲ ಎಣಿಸ್ತಾ ಇದ್ಲಂತೆ. ನಾವೆಲ್ಲ ಹೋದ್ಮೇಲೆ ಅವಳಿಗೆ ಯಾರಿರ್ತಾರೆ ಮಿಸ್? ಒಂಬತ್ತನೇ ಕ್ಲಾಸಿನವ್ರಿಗೆ ಅವಳ ಪರಿಚಯನೇ ಇಲ್ಲ."

"ನಾನಿರ್ತೀನಿ!" ವೇದಾವತಿ ಕಿರುಚಿದಳು. "ನಡಿ ನೀನು ಮನೆಗೆ. ದೊಡ್ಡ ಮಾತಾಡ್ತಾಳೆ."

ಹುಡುಗಿ ಹೋದಳು. ಖಾಲಿ ತರಗತಿಯಲ್ಲಿ ವೇದಾವತಿ ಕಿಟಕಿ ಪಕ್ಕದ ಮೂರನೇ ಬೆಂಚಿಗೆ ಹೋಗಿ ಕೂತು, ಮಗಳ ಹೆಸರನ್ನು ಮೆಲ್ಲಗೆ ಕರೆದಳು. ಎರಡು ಸಲ ಕರೆದಳು. ಹಾಜರಿಯ ಹೊತ್ತಲ್ಲವಾದ್ದರಿಂದಲೋ ಏನೋ, ಯಾರೂ ಓಗೊಡಲಿಲ್ಲ. ಪಕ್ಕದಲ್ಲಿ ಬೆಂಚಿನ ಹಲಗೆ ಮಾತ್ರ, ಯಾರೋ ಸ್ವಲ್ಪ ಆಚೆ ಸರಿದು ಕೂತಂತೆ, ಕಿರ್ ಎಂದಿತು. ತನ್ನಿಂದ ಆಚೆಗೆ. ವೇದಾವತಿಗೆ ಆ ಕ್ಷಣ ಮಗಳ ಮೇಲೆ ಕೋಪವೇ ಬಂತು, ಅಷ್ಟು ನೋವಾಯಿತು. ಆಮೇಲೂ ಅವಳ ತೀರ್ಮಾನ ಬದಲಾಗಲಿಲ್ಲ.

ಬೀಳ್ಕೊಡುಗೆ ಮಧ್ಯಾಹ್ನ ಮೂರೂವರೆಗೆ. ಶಾಲೆಯ ಮುಂಬಾಗಿಲಿನ ದೊಡ್ಡ ಗೇಟು ವರ್ಷಕ್ಕೆ ಆ ಒಂದು ದಿನ, ಹತ್ತನೆಯವರಿಗೆ ಮಾತ್ರ ತೆರೆಯುತ್ತದೆ. ಉಳಿದ ದಿನ ಎಲ್ಲರಿಗೂ ಪಕ್ಕದ ಸಣ್ಣ ಗೇಟೇ. ತರಗತಿಯ ಮಿಸ್ಸು ಹಾಜರಿ ಪುಸ್ತಕ ಹಿಡಿದು ಹೆಸರು ಕರೆಯಬೇಕು. ಕರೆಸಿಕೊಂಡವರು ಬಂದು ಸಿಸ್ಟರ್ ಮುಂದೆ ನಿಲ್ಲಬೇಕು, ಸಿಸ್ಟರ್ ಹಣೆಯ ಮೇಲೆ ಕೈಯಿಟ್ಟು ಹರಸುತ್ತಾರೆ, ಅಲ್ಲಿಂದ ನೇರ ಗೇಟು ದಾಟಿ ರಸ್ತೆಗೆ. ಹಿಂದೆ ತಿರುಗಿ ನೋಡಬಾರದು. ತಿರುಗಿದರೆ ಫೇಲು ಎಂದು ಮಕ್ಕಳ ನಂಬಿಕೆ.

ಒಂದರಿಂದ ಹದಿನಾರರ ತನಕ ಸುಸೂತ್ರವಾಗಿ ನಡೆಯಿತು. ವೇದಾವತಿಯ ಬೆರಳು ಹದಿನೇಳರ ಸಾಲನ್ನು ದಾಟಿತು.

"ಹದಿನೆಂಟು. ರಂಜಿನಿ."

ರಂಜಿನಿ ಕದಲಲಿಲ್ಲ. ಇನ್ನೊಮ್ಮೆ ಕರೆದಳು. ರಂಜಿನಿಯ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು ಸಾಲು ಹಾಗೆಯೇ ನಿಂತಿತ್ತು. "ಹತ್ತೊಂಬತ್ತು," ಎಂದು ಕರೆದಳು, ಅವನೂ ಕದಲಲಿಲ್ಲ. ಇಪ್ಪತ್ತನೆಯವಳೂ ಇಲ್ಲ. ಗೇಟಿನಾಚೆ ರಸ್ತೆಯಲ್ಲಿದ್ದ ಹದಿನಾರು ಮಕ್ಕಳೂ ಮನೆಗೆ ಹೋಗದೆ, ನಿಯಮದಂತೆ ಶಾಲೆಗೆ ಬೆನ್ನು ಮಾಡಿ, ಸುಮ್ಮನೆ ನಿಂತು ಕಾಯುತ್ತಿದ್ದರು. ಅಷ್ಟು ಬೆನ್ನುಗಳನ್ನು ನೋಡಿ ವೇದಾವತಿ ಕಣ್ಣು ಹೊರಳಿಸಿದಳು. ಅವಳು ಸಾಲಿನ ಖಾಲಿ ಜಾಗವನ್ನು ನೋಡಿದಳು. ಏನೂ ಕಾಣಲಿಲ್ಲ. ಆ ಜಾಗದ ಧೂಳಿನಲ್ಲಿ ಮಾತ್ರ, ಕಾದು ಸಾಕಾದ ಮಕ್ಕಳು ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತ ನಿಂತರೆ ಆಗುತ್ತದಲ್ಲ, ಹಾಗೆ ಮಣ್ಣು ಕೆದರಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಾಳೋ ಈ ಕೂಸು ಎನ್ನಿಸಿತು. ಹಾಗನ್ನಿಸಿದ ಮೇಲೆ ತಡೆದುಕೊಳ್ಳಲಾಗಲಿಲ್ಲ.

"ಹದಿನೇಳು," ಎಂದಳು. "ಇಂಪನಾ."

ಇಡೀ ವರ್ಷ ತಪ್ಪದೆ ಬಂದ ಉತ್ತರ ಅವತ್ತು ಬರಲಿಲ್ಲ. ಸಿಸ್ಟರ್ ವಿಮಲಾ ಬಲಗೈ ಚಾಚಿದರು. ವೇದಾವತಿ ಎಣಿಸಿದ್ದ ಎತ್ತರಕ್ಕಿಂತ ಒಂದು ಗೇಣು ಮೇಲೆ, ಬರೀ ಗಾಳಿಯಲ್ಲಿ, ಆ ಕೈ ನಿಂತಿತು. ಸಿಸ್ಟರ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು, ಕೈ ಇಳಿಸಿದರು. ವೇದಾವತಿ ಗೇಟಿನ ಕಡೆಗೇ ಕಣ್ಣು ಕೀಲಿಸಿ ನಿಂತಳು. ಬಿಸಿಲು, ರಸ್ತೆ, ಒಂದು ಆಟೋ.

"ಹೋದ್ಲು ಮಿಸ್," ಎಂದಳು ರಂಜಿನಿ.

"ತಿರುಗಿ ನೋಡಿದ್ಲೇನೇ?" ಸಭೆಯೆಲ್ಲ ಕೇಳುವಂತೆಯೇ ಕೇಳಿದಳು ವೇದಾವತಿ. "ಒಂದ್ಸಲನಾದ್ರೂ? ನನ್ ಕಡೆ?"

ರಂಜಿನಿ ಸುಳ್ಳು ಹೇಳುವ ಹುಡುಗಿಯಲ್ಲ.

"ಇಲ್ಲ ಮಿಸ್. ಓಡಿದ್ಲು."

ವೇದಾವತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕರೆಯಬೇಕಾದ ಹೆಸರುಗಳು ಇನ್ನೂ ಇಪ್ಪತ್ನಾಲ್ಕು ಇದ್ದವು.

"ಹದಿನೆಂಟು," ಎಂದು ಕರೆದಳು. "ರಂಜಿನಿ."