ದೊಡ್ಡವರ ಕಣ್ಣೀರು

ದೊಡ್ಡವರು ಮಾತಾಡುವಾಗಲೆಲ್ಲ ಟಿವಿಯ ಮೂಲೆಯಲ್ಲಿ ಒಬ್ಬ ಹೆಂಗಸು ನಿಂತು ಕೈಯಾಡಿಸುತ್ತಿದ್ದಳಲ್ಲ, ಅವಳ ಕಥೆ ಇದು. ದೊಡ್ಡವರೆಂದರೆ ದೇಶದ ಪ್ರಧಾನಿ. ಅವರ ಕಚೇರಿಯಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಅವರ ಬಾಯಿಂದ ಬಂದದ್ದನ್ನು ಕಿವಿ ಕೇಳದವರಿಗೆ ಸನ್ನೆಯಲ್ಲಿ ಮುಟ್ಟಿಸುವುದು ಅವಳ ಕೆಲಸ. ಆ ಕೆಲಸಕ್ಕೊಂದು ಕಟ್ಟುನಿಟ್ಟಿದೆ. 'ಅವರು ಹೀಗೆ ಹೇಳುತ್ತಿದ್ದಾರೆ' ಎನ್ನುವ ಹಾಗಿಲ್ಲ. ಅವರು 'ನಾನು' ಎಂದರೆ ಇವಳೂ ಎದೆ ಮುಟ್ಟಿಕೊಂಡು 'ನಾನು' ಎನ್ನಬೇಕು. ಅವರಿಗೆ ಸಿಟ್ಟು ಬಂದರೆ ಇವಳು ಹುಬ್ಬು ಗಂಟಿಕ್ಕಬೇಕು, ಅವರು ನಕ್ಕರೆ ಇವಳು ನಗಬೇಕು. ಆ ಭಾಷೆಯಲ್ಲಿ ಅರ್ಧ ಮಾತು ಕೈಯದು, ಅರ್ಧ ಮುಖದ್ದು. ಅಲ್ಲಿ ನಿಂತಷ್ಟು ಹೊತ್ತು ಅವಳ ಮುಖ ಅವಳದಲ್ಲ.

ಸನ್ನೆಯನ್ನು ಅವಳು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಅಪ್ಪ, ಅಮ್ಮ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ಅಪ್ಪ ಒಂದು ಅಚ್ಚುಕೂಟದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ. ಮನೆಯಲ್ಲಿ ಮಾತೂ ಕೈಯಲ್ಲೇ, ಜಗಳವೂ ಕೈಯಲ್ಲೇ. ಅಮ್ಮನಿಗೆ ತೀರಾ ಸಿಟ್ಟು ಬಂದರೆ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ಆಮೇಲೆ ಬ್ರಹ್ಮ ಬಂದರೂ ಒಂದು ಮಾತು ಒಳಗೆ ಹೋಗುತ್ತಿರಲಿಲ್ಲ. ಪಾಪ, ಅಪ್ಪ ಎದುರಿಗೆ ಕೂತು ಕಾಯುತ್ತಿದ್ದ.

ಹೀಗಿರುವಾಗ ನೆರೆಯ ಎರಡು ದೇಶಗಳು ಕಾದಾಟಕ್ಕೆ ಇಳಿದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ ನಡುವಿನ ಈ ದೇಶದ ಮೇಲೆ ವಿಮಾನಗಳು ಹಾರಿದವು, ದಾರಿ ತಪ್ಪಿದ ಬಾಂಬುಗಳೂ ಬಿದ್ದವು. ಕತ್ತಲಾದ ಮೇಲೆ ಯಾರೂ ದೀಪ ಹಾಕಬಾರದೆಂದು ಅಪ್ಪಣೆಯಾಯಿತು. ದೊಡ್ಡವರೇ ಟಿವಿಗೆ ಬಂದು, ನನ್ನ ಮನೆಯಲ್ಲೂ ದೀಪ ಉರಿಯುವುದಿಲ್ಲ, ನೀವು ಹಾಕುವ ಒಂದು ದೀಪದಿಂದ ಪಕ್ಕದ ಮನೆಯ ಮಗು ಸಾಯಬಹುದು ಎಂದರು. ಅಮ್ಮನಿಗೆ ಅದನ್ನು ಹೇಳಿದ್ದು ಮಗಳ ಕೈ.

ಕಿವಿ ಇದ್ದವರಿಗೆ ಕತ್ತಲೆಂದರೆ ಬರೀ ಕತ್ತಲು. ಗುಸುಗುಸು ಮಾತಾಡಿಕೊಂಡು ಹೊತ್ತು ಕಳೆಯಬಹುದು. ಕಿವಿ ಕೇಳದವರಿಗೆ ದೀಪ ಹೋಯಿತೆಂದರೆ ಮಾತೇ ಹೋಯಿತು. ಅಪ್ಪಣೆ ಬರೆದ ಯಾವ ಪುಣ್ಯಾತ್ಮನಿಗೂ ಇದು ಹೊಳೆದಿರಲಿಲ್ಲ; ಕೈಯಾಡಿಸಿದ ಮಗಳಿಗಾದರೂ ಹೊಳೆಯಿತೇ, ಅದೂ ಇಲ್ಲ. ಅವಳು ಕಚೇರಿಯಲ್ಲಿದ್ದ ಒಂದು ಸಂಜೆ, ಕತ್ತಲು ಕವಿದ ಮೇಲೆ, ಅಪ್ಪನಿಗೆ ಎದೆನೋವು ಬಂತು. ಅಮ್ಮ ಪಕ್ಕದಲ್ಲೇ ಇದ್ದಳು. ಅಪ್ಪ ಏನೋ ಹೇಳುತ್ತಿದ್ದಾನೆಂದು ಮಾತ್ರ ಗೊತ್ತಾಗುತ್ತಿತ್ತು, ಅವನ ಕೈಯಾಡಿದ ಗಾಳಿ ಅವಳ ಕೆನ್ನೆಗೆ ತಾಗುತ್ತಿತ್ತು. ಕೈ ಹಿಡಿದುಕೊಂಡರೆ ಅವನ ಮಾತು ನಿಲ್ಲುತ್ತದೆ, ಬಿಟ್ಟರೆ ಕಾಣುವುದಿಲ್ಲ. ಸ್ವಿಚ್ಚು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅಮ್ಮ ಒತ್ತಲಿಲ್ಲ. ಮಗಳೇ ಹೇಳಿದ್ದಾಳಲ್ಲ, ಪಕ್ಕದ ಮನೆಯ ಮಗು ಸಾಯುತ್ತದೆ ಅಂತ. ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು.

ಅಪ್ಪ ಕೊನೆಗೆ ಏನು ಹೇಳಿದನೆಂದು ಯಾರಿಗೂ ಗೊತ್ತಿಲ್ಲ.

ಅದೇ ಸಂಜೆ ದೊಡ್ಡವರ ಬಂಗಲೆಯಲ್ಲಿ ಔತಣ ನಡೆದಿತ್ತು. ಫೋಟೋ ಹೊರಗೆ ಬಂದದ್ದು ಬಹಳ ದಿನದ ಮೇಲೆ. ಕಿಟಕಿಗೆಲ್ಲ ದಪ್ಪ ಪರದೆ ಎಳೆದು ಒಳಗೆ ಝಗಮಗ ಮಾಡಿಕೊಂಡಿದ್ದರು. ಗ್ಲಾಸು ಹಿಡಿದ ಕೈಗಳು, ಹಲ್ಲು ಕಿರಿದ ಮುಖಗಳು, ನಡುವೆ ದೊಡ್ಡವರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ರಾಜೀನಾಮೆ ಕೊಡಲಿ ಎಂದು ಬೀದಿ ಬೀದಿಯಲ್ಲಿ ಕೂಗೆದ್ದಿತು. ಯುದ್ಧ ಮುಗಿಯಲಿ, ಆಮೇಲೆ ನೋಡೋಣ ಎನ್ನುವ ಜಾಣರೂ ಇದ್ದರು. ಅಮ್ಮನ ಬೀದಿಯಲ್ಲಿ ಕಿವಿ ಕೇಳದವರದೇ ಒಂದು ಸಂಘವಿತ್ತು. ಅವರೆಲ್ಲ ಮೆರವಣಿಗೆಗೆ ಹೋಗುವುದೆಂದು ನಿಶ್ಚಯಿಸಿದರು. ಅಪ್ಪ ಸತ್ತ ಮೇಲೆ ಹೊಸಿಲು ದಾಟದ ಅಮ್ಮ, ಅಪ್ಪನ ರಟ್ಟುಗಳಲ್ಲೇ ಒಂದನ್ನು ತೆಗೆದು, ಬಣ್ಣ ಕಲಸಿ, 'ಕೆಳಗಿಳಿ' ಎಂದು ದಪ್ಪಗೆ ಬರೆದಳು.

ಮೆರವಣಿಗೆಯ ಹಿಂದಿನ ದಿನ ಮಧ್ಯಾಹ್ನ ದೊಡ್ಡವರು ಟಿವಿಗೆ ಬರುವುದೆಂದಾಯಿತು. ಮಗಳು ವಾರ್ತಾಧಿಕಾರಿಯ ಮುಂದೆ ನಿಂತು, ಈ ಒಂದು ಸಲ ನನ್ನನ್ನು ಬಿಟ್ಟುಬಿಡಿ, ಈ ಮನುಷ್ಯನ ಪರವಾಗಿ 'ನಾನು' ಅನ್ನಲು ನನ್ನಿಂದಾಗದು ಎಂದಳು. ಆತ ತಲೆಯೆತ್ತಲಿಲ್ಲ.

"ಯುದ್ಧದ ಹೊತ್ತಲ್ಲಿ ಕೆಲಸ ಬಿಟ್ಟು ಹೋಗೋದು ಸರೀನಾ ಮೇಡಂ? ನೀವು ನಿಲ್ಲದಿದ್ರೆ ನಮ್ಮ ಕಾರ್ಯಕ್ರಮವೇನೂ ನಿಲ್ಲಲ್ಲ. ನಿಮ್ಮ ಜನಕ್ಕೆ ಗೊತ್ತಾಗಲ್ಲ, ಅಷ್ಟೇ."

ಮಾತು ನಿಜವೇ ಆಗಿತ್ತು, ಅದಕ್ಕೇ ಮೈ ಉರಿಯಿತು. ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಬಣ್ಣದ ಕೈಯಲ್ಲೇ ಉತ್ತರ ಕೊಟ್ಟಳು.

"ನಿಲ್ಲು. ಅವನು ಏನು ಹೇಳ್ತಾನೋ ನಾನು ನೋಡಬೇಕು. ಒಂದು ಮಾತು ಬಿಡಬೇಡ, ಒಂದು ಮಾತು ಸೇರಿಸಬೇಡ."

ಹಾಗೇ ಆಗಲಿ ಎಂದು ಮಾತು ಕೊಟ್ಟು ಅವಳು ಹೋಗಿ ನಿಂತಳು.

ದೊಡ್ಡವರು ತಲೆ ಬಗ್ಗಿಸಿಕೊಂಡು ಕಾಗದ ನೋಡಿ ಓದಿದರು. ನನ್ನಿಂದ ತಪ್ಪಾಗಿದೆ ಎಂದರು, ಅದೂ ಯಾರೋ ಮಾಡಿದ ತಪ್ಪಿನ ಹಾಗೆ. ಇವಳು ಎದೆ ಮುಟ್ಟಿಕೊಂಡು 'ನಾನು' ಎಂದಳು. ಆ ಸಂಜೆ ತಮ್ಮವರನ್ನು ಕಳೆದುಕೊಂಡವರ ಸಂಕಟ ನನಗೂ ಗೊತ್ತು ಎಂದರು. ಅಯ್ಯೋ, ಅಲ್ಲಿಗೆ ಅವಳ ಕಟ್ಟೆ ಒಡೆಯಿತು. ಅಪ್ಪ ಹೋದ ದಿನವೂ ಬಾರದ ಅಳು ಈಗ ಬಂತು. ಒರೆಸಿಕೊಳ್ಳೋಣವೆಂದರೆ ಕೈ ಬಿಡುವಿಲ್ಲ, ಎರಡೂ ಕೈಯಲ್ಲಿ ದೊಡ್ಡವರ ಮಾತು. ಇಂಥ ಹೊತ್ತಲ್ಲಿ ನಿಮ್ಮನ್ನು ನಡುನೀರಿನಲ್ಲಿ ಕೈಬಿಟ್ಟು ಹೋಗಲಾರೆ ಎಂದು ಅವರು ಮುಗಿಸುವವರೆಗೂ ಅವಳ ಕೆನ್ನೆಯ ಮೇಲೆ ಧಾರೆ ಇಳಿಯುತ್ತಲೇ ಇತ್ತು. ಕ್ಯಾಮೆರಾ ಆರಿದ್ದೇ ದೊಡ್ಡವರು ನೀರು ಕುಡಿದು, ಚೆನ್ನಾಗಿ ಬಂತಾ ಎಂದು ಕೇಳಿದರು. ಅವಳಿಗೆ ಒಂದೇ ಸಮಾಧಾನ: ಒಂದು ಮಾತು ಬಿಡಲಿಲ್ಲ, ಒಂದು ಮಾತು ಸೇರಿಸಲಿಲ್ಲ.

ಬೀದಿಗೆ ಬಂದು ನೋಡಿದರೆ ಸಂಘದ ಜಗಲಿಯಲ್ಲಿ ಫಲಕಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿವೆ. ಅಪ್ಪನ ಜೊತೆ ರಟ್ಟು ಕಟ್ಟುತ್ತಿದ್ದ ಮುದುಕ ಎದುರಾಗಿ, ಅಷ್ಟು ದೊಡ್ಡ ಮನುಷ್ಯ ನಮ್ಮೆದುರು ಗೊಳೋ ಅಂತ ಅತ್ತುಬಿಟ್ಟನಲ್ಲ, ಇನ್ನೇನು ಕೇಳುವುದು, ಇರಲಿ ಬಿಡು, ನಾಳೆ ಯಾರೂ ಹೋಗುತ್ತಿಲ್ಲ ಎಂದು ಕೈಯಾಡಿಸಿದ. ಆಗ ಅವಳಿಗೆ ಹೊಳೆಯಿತು. ಅವರ ಕಣ್ಣು ದೊಡ್ಡವರ ಮೇಲೆ ಯಾಕಿದ್ದೀತು? ಮಾತು ಇವಳ ಹತ್ತಿರ, ಕಣ್ಣೂ ಇವಳ ಮೇಲೆ. ಅಲ್ಲಿ ನಿಂತವಳ ಮುಖದಲ್ಲಿ ಕಂಡದ್ದೆಲ್ಲ ಮಾತಾಡಿದವನದು ಎಂದೇ ಲೆಕ್ಕ.

ಓಡಿ ಮನೆಗೆ ಬಂದಳು. ಅಮ್ಮ ಎಷ್ಟೋ ದಿನದ ಮೇಲೆ ತಲೆ ಬಾಚಿಕೊಂಡು ಕೂತಿದ್ದಳು.

"ಅವನು ಅಷ್ಟು ಅಳ್ತಾನೆ ಅಂದುಕೊಂಡಿರಲಿಲ್ಲ ಮಗಳೇ. ನಿಮ್ಮಪ್ಪನಿಗಾಗಿ ಒಬ್ಬನಾದ್ರೂ ಅತ್ತನಲ್ಲ. ನನ್ನ ಎದೆ ಹಗುರಾಯ್ತು."

ಸುಮ್ಮನಿದ್ದುಬಿಡಬಹುದಿತ್ತು. ಅಮ್ಮನ ಮುಖ ನೋಡಿದರೆ ಸುಮ್ಮನಿರೋಣ ಎಂದೇ ಅನಿಸಿತು. ಅಷ್ಟರಲ್ಲಿ ಫೋನಿಗೆ ವಾರ್ತಾಧಿಕಾರಿಯ ಸಂದೇಶ ಬಂತು: ದೊಡ್ಡವರಿಗೆ ನಿಮ್ಮ ಕೆಲಸ ತುಂಬ ಹಿಡಿಸಿದೆ, ಮುಂದಿನ ಸಲವೂ ಹಾಗೇ ಮಾಡಿ. ಅದನ್ನು ಓದಿದ ಮೇಲೆ ಅವಳಿಂದ ತಡೆಯಲಾಗಲಿಲ್ಲ.

"ಅವನು ಅಳಲಿಲ್ಲ ಅಮ್ಮ. ಅತ್ತದ್ದು ನಾನು. ಅಪ್ಪ ನೆನಪಾದ."

ಅಮ್ಮ ಅವಳ ಕೈಯನ್ನೇ ನೋಡಿದಳು. ಮತ್ತೆ ಹೇಳು ಎಂದಳು. ಮಗಳು ಮತ್ತೆ ಹೇಳಿದಳು. ಅಮ್ಮ ಎದ್ದು ಬೀದಿಯ ಮನೆಮನೆಗೂ ಹೋಗಿ ವಿಷಯ ತಿಳಿಸಿ ಬಂದಳು. ಒಬ್ಬರೂ ನಂಬಲಿಲ್ಲ. ಕಣ್ಣಾರೆ ಕಂಡದ್ದು ಸುಳ್ಳೇ, ನಿನಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಸಮಾಧಾನ ಮಾಡಿ ಕಳಿಸಿದರು.

ಬೆಳಿಗ್ಗೆ ಅಮ್ಮ ಒಬ್ಬಳೇ ಫಲಕ ತೆಗೆದುಕೊಂಡು ಹೊರಟಳು. ಮಗಳು ಚಪ್ಪಲಿ ಮೆಟ್ಟಿಕೊಂಡು, ಅಡ್ಡ ಹೋಗಿ, ನಾನೂ ಬರುತ್ತೇನೆ ಎಂದಳು. ಅಮ್ಮ ಫಲಕವನ್ನು ಕಂಕುಳಿಗೆ ಸಿಕ್ಕಿಸಿ ಕೈ ಬಿಡುವು ಮಾಡಿಕೊಂಡಳು.

"ಬೇಡ. ನಿನ್ನ ಮುಖ ನೋಡಿದ್ರೆ ಜನ ಅವನೇ ಬಂದ ಅಂದುಕೊಳ್ತಾರೆ."