ತಡವಾಗಿ ಬಂದ ದನಿ

“ಈ ಪ್ಲಗ್ಗಿಗೆ ಕರೆಂಟು ಯಾವ ಜನ್ಮದಲ್ಲಿ ಬರುತ್ತೋ?”

ವೇದಿಕೆಯ ಕೆಳಗೆ ತೂರಿಕೊಂಡಿದ್ದ ಮೈಕ್‌ಸೆಟ್ಟಿನವನು ಯಾರನ್ನೂ ಕೇಳಿದ್ದಲ್ಲ, ಧೂಳನ್ನು ಕೇಳಿದ್ದು. ಮೇಲೆ, ಅವನ ತಲೆಯ ನೇರಕ್ಕೆ, ಹಾಡಿನ ಮಿಸ್ಸನ್ನು ಮಲಗಿಸಿದ್ದರು. ಶಾಲೆಯ ಅಂಗಳಕ್ಕೆ ಒಂದು ಗಳಿಗೆ ತಂದು, ಮಕ್ಕಳೆಲ್ಲ ನೋಡಿದ ಮೇಲೆ ಒಯ್ಯುವುದೆಂದು ಮಾತಾಗಿತ್ತು.

“ಬೇಗ ಮುಗಿಸು ಮಹರಾಯ. ಸತ್ತೋರು ಕಾಯ್ತಾರೆ, ವ್ಯಾನಿನ ಡ್ರೈವರ್ ಕಾಯಲ್ಲ,” ಎಂದ ಅಂಗಡಿ ಮಾಲೀಕ.

ಈ ಕೆಲಸಕ್ಕೆ ತಾನೇ ಹೋಗುತ್ತೇನೆಂದು ಇವನು ಬೆಳಿಗ್ಗೆ ಅಂಗಲಾಚಿದ್ದು ಯಾಕೆಂದು ಮಾಲೀಕನಿಗೆ ಗೊತ್ತಿರಲಿಲ್ಲ. ಇವನು ಇದೇ ಶಾಲೆಯಲ್ಲಿ ಓದಿದವನೆಂಬುದೂ ಗೊತ್ತಿರಲಿಲ್ಲ. ಇವನ ಮನಸ್ಸಿನಲ್ಲಿದ್ದದ್ದು ಒಂದೇ: ಮಿಸ್ಸನ್ನು ಎತ್ತುವ ಮೊದಲು, ಈ ಮೈಕಿನಲ್ಲಿ, ತನ್ನ ಬಾಯಲ್ಲೇ ಪ್ರಾರ್ಥನೆ ಒಂದು ಸಲ ಹೇಳಿಬಿಡಬೇಕು.

ಅಲ್ಲೇ ಕುರ್ಚಿಗಳಲ್ಲಿ ಹಳೆಯ ಮೇಷ್ಟ್ರುಗಳು ಕೂತಿದ್ದರು.

“ಆ ಕೊರೊನಾ ವರ್ಷ ನೆನಪಿದೆಯೇನ್ರೀ? ಅರ್ಧ ಗಂಟೆ ಭಿನ್ನರಾಶಿ ಹೇಳಿಕೊಟ್ರಿ ನೀವು, ಮ್ಯೂಟ್‌ನಲ್ಲೇ!” ಎಂದರು ವಿಜ್ಞಾನದ ಮಿಸ್.

“ನನ್ನ ಭಿನ್ನರಾಶಿ ಮ್ಯೂಟ್ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ,” ಲೆಕ್ಕದ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. “ಪಾಪ, ಈ ಹಾಡಿನ ಮಿಸ್ಸೊಬ್ಬರು ಮಾತ್ರ ಪ್ರಾರ್ಥನೆ ಬಿಡಲಿಲ್ಲ ನೋಡಿ.”

*

ಆಗ ಶಾಲೆಯೆಂದರೆ ಅಂಗೈಯಗಲದ ಫೋನು. ಪ್ರಾರ್ಥನೆ ಹೇಳಿ ಎಂದರೆ ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ಬಂದು ಸೇರುತ್ತಿತ್ತು. ಕೊನೆಯಲ್ಲಿ ಬರುವ ‘ಬೆಳಗು’ ಎಂಬ ಮಾತು ಒಂದು ಮನೆಯಲ್ಲಿ ಮುಗಿದರೆ ಇನ್ನೊಂದು ಮನೆಯಲ್ಲಿ ಆಗಷ್ಟೇ ಏಳುತ್ತಿತ್ತು. ನಡುವೆ ಯಾರದೋ ಕುಕ್ಕರಿನ ಸೀಟಿ.

“ಇದು ಪ್ರಾರ್ಥನೆಯೋ ಸಂತೆಯೋ?” ಎಂದು ಹೆಡ್‌ಮಿಸ್ ಎಲ್ಲರ ದನಿ ಮುಚ್ಚಿಸಿದರು.

ಅಂದು ಸಂಜೆ ಹಾಡಿನ ಮಿಸ್ ಅವನ ಮನೆಗೆ ಫೋನು ಮಾಡಿದರು. “ನಿನ್ನ ದನಿ ಒಂದಿದ್ರೆ ಸಾಕು ಕಣೋ. ರೆಕಾರ್ಡ್ ಮಾಡಿ ಕಳಿಸು, ದಿನಾ ಹಾಕ್ತೀನಿ.”

ಒಂದೇ ಕೋಣೆಯ ಮನೆ. ಅಮ್ಮನ ಹೊಲಿಗೆ ಯಂತ್ರ ನಿಂತರೆ ಒಲೆಯೂ ನಿಂತಂತೆ.

“ಬೀರು ಬಾಗಿಲು ತೆಗೆದು ಬಟ್ಟೆಗಳ ಒಳಗೆ ಮುಖ ಇಡು. ಅಲ್ಲಿ ನೀನು, ದೇವರು, ಇಬ್ಬರೇ,” ಎಂದು ಮಿಸ್ಸೇ ಉಪಾಯ ಹೇಳಿಕೊಟ್ಟರು.

ಅಪ್ಪನ ಅಂಗಿಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿ, ಅವನು ಕಣ್ಣುಮುಚ್ಚಿ ಹೇಳಿದ. ಆ ದನಿ ದಿನವೂ ಎಲ್ಲರ ಮನೆಗೂ ಹೋಗಿ ಬರುತ್ತಿತ್ತು.

ಶಾಲೆ ತೆರೆದಾಗ ಮಿಸ್ ಹಿಗ್ಗಿನಿಂದ ಅವನನ್ನು ಮೈಕಿನ ಮುಂದೆ ನಿಲ್ಲಿಸಿದರು. ಅಷ್ಟರಲ್ಲಿ ಗಂಟಲು ಬೇರೆಯಾಗಿತ್ತು; ಅದು ಅವನಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ‘ಬೆಳಗು’ ಎಂಬಲ್ಲಿ ದನಿ ಎರಡು ಹೋಳಾಯಿತು. ಮಾಸ್ಕುಗಳ ಮೇಲೆ ಬರೀ ಕಣ್ಣುಗಳು. ಆದರೆ ಭುಜಗಳು ಕುಲುಕುತ್ತಿದ್ದವು. “ಒಡಕು ಬೋಗುಣಿ!” ಎಂದು ಯಾರೋ ಕೂಗಿದರು.

ಮಿಸ್ ಗಾಬರಿಯಿಂದ ಓಡಿಹೋಗಿ ರೆಕಾರ್ಡ್ ಹಾಕಿಬಿಟ್ಟರು. ಅವನ ಮಾನ ಉಳಿಯಲೆಂದೇ ಹಾಕಿದರು. ಅವನದೇ ಎಳೆಯ ದನಿ ಅವನ ಮೇಲೆ ಹರಿಯಿತು. ಮಾಸ್ಕಿನೊಳಗೆ ಅವನ ಬಾಯಿ ತೆರೆದೇ ಇತ್ತು. ಹೇಳುತ್ತಿದ್ದಾನೋ ಇಲ್ಲವೋ, ಯಾರಿಗೂ ಕಾಣಲಿಲ್ಲ.

ಅಂದಿನಿಂದ ದಿನವೂ ರೆಕಾರ್ಡೇ. ಅವನು ಕೊನೆಯ ಸಾಲಿಗೆ ಸರಿದುಕೊಂಡ.

*

ಹೋದ ವರ್ಷ ಮಿಸ್ ಏದುಸಿರು ಬಿಡುತ್ತ ಅಂಗಡಿಯ ಮೆಟ್ಟಿಲು ಹತ್ತಿ ಬಂದಿದ್ದರು.

“ನಿನ್ನ ಈಗಿನ ದನಿ ನಾನು ಕೇಳೇ ಇಲ್ಲ ಕಣಪ್ಪ. ಒಂದು ಸಲ ಹೇಳು, ಕೇಳ್ಕೊಂಡು ಹೋಗ್ತೀನಿ.”

“ಕೆಲ್ಸ ಇದೆ ಮಿಸ್.”

ಅವನು ಬೆಸುಗೆ ಕಡ್ಡಿಯನ್ನು ತಂತಿಗೆ ಒತ್ತಿ ಹಿಡಿದ. ಹೊಗೆಯೆದ್ದರೂ ತಲೆಯೆತ್ತಲಿಲ್ಲ. ಮಿಸ್ ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತಿದ್ದರು. ಆಮೇಲೆ ಅವರ ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲಾಗಿ ಕೆಳಗಿಳಿಯಿತು.

*

ಕರೆಂಟು ಬಂತು. “ಹಲೋ,” ಎಂದ ಅವನು. ತುಂಬಿದ, ತಗ್ಗಿದ ಆ ದನಿ ಅಂಗಳದುದ್ದಕ್ಕೂ ಉರುಳಿತು. ವಿಜ್ಞಾನದ ಮಿಸ್ ತಿರುಗಿ ನೋಡಿದರು.

ಹಾಡಿನ ಮಿಸ್ಸಿನ ಯಜಮಾನರು ಫೋನು ಹಿಡಿದುಕೊಂಡು ಹತ್ತಿರ ಬಂದರು. “ಇದರಲ್ಲಿ ಪ್ರಾರ್ಥನೆ ಇದೆ. ಹಾಕಪ್ಪ. ಅವಳು ಆಸೆಪಟ್ಟಿದ್ದಳು.”

“ಸಾರ್, ಅದರಲ್ಲಿರೋದು ನನ್ನ ದನಿ.”

ಅವರು ಕನ್ನಡಕ ಸರಿಮಾಡಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಬೀರುವಿನ ಹುಡುಗ... ನೀನಾ?”

“ರೆಕಾರ್ಡ್ ಬೇಡ ಸಾರ್. ನಾನೇ ಹೇಳ್ತೀನಿ. ಈಗ ಒಡೆಯಲ್ಲ.”

“ನಿಮ್ಮಂಗಡಿಯಿಂದ ಬಂದವಳು ಅವತ್ತು ಊಟ ಮಾಡಲಿಲ್ಲ,” ಎಂದರು ಅವರು. “ಯಾಕೆ ಅಂದ್ರೆ, ‘ಪಾಪ, ಅವನಿಗೆ ಕೆಲಸ ಇತ್ತು’ ಅಂದ್ಲು. ಹಾಸಿಗೆ ಹಿಡಿದ ಮೇಲೆ ದಿನಾ ಇದನ್ನೇ ಕೇಳೋಳು. ಕೇಳ್ತಾ ಕೇಳ್ತಾ ಬಾಗಿಲ ಕಡೆ ನೋಡೋಳು.”

ಹೊರಗೆ ವ್ಯಾನಿನ ಹಾರನ್ ಸದ್ದಾಯಿತು. ಜನ ಎದ್ದು ನಿಂತರು. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದುಕೊಂಡ. ಎದೆಯಲ್ಲಿ ಉಸಿರು ತುಂಬಿ ನಿಂತಿತ್ತು.

“ಒಂದೇ ಒಂದು ಸಲ ಸಾರ್. ಕೈ ಮುಗೀತೀನಿ.”

ಯಜಮಾನರ ಮುಖದಲ್ಲಿ ಸಿಟ್ಟಿರಲಿಲ್ಲ. ಫೋನಿನ ಗುಂಡಿ ಹುಡುಕುತ್ತಿದ್ದರು.

“ಬೇಡಪ್ಪ,” ಎಂದರು. “ಮೈಕು ಫೋನಿನ ಕಡೆ ತಿರುಗಿಸು.”