ಕುಣಿತ ಕೂಗಲು ಬಂದ ಕಳ್ಳ

ಡೆಲ್ಮರ್ ರಕ್ಕರ್ ಕಳ್ಳನೆಂದು ಅಕ್ಕ-ತಮ್ಮ ನಮ್ಮಿಬ್ಬರಿಗೂ ಮೊದಲ ದಿನವೇ ಗೊತ್ತಿತ್ತು. ಟೆನೆಸ್ಸಿಯ ಪೆಟ್ರೋಲ್ ಬಂಕುಗಳನ್ನು ದೋಚುವಾಗಲೂ ಹ್ಯಾಟು ತೆಗೆದು ಕ್ಷಮೆ ಕೇಳುತ್ತಿದ್ದನಂತೆ. ನಮ್ಮ ಕಾರು ಕೆಟ್ಟು ನಿಂತಾಗ ತನ್ನದರಲ್ಲಿ ಹತ್ತಿಸಿಕೊಂಡ. ಅದು ಯಾರ ಕಾರೆಂದು ನಾನು ಕೇಳಲಿಲ್ಲ. ನನ್ನ ಗಿಟಾರಿಗೂ ತಮ್ಮ ಕ್ಲೋವಿಸನ ಪಿಟೀಲಿಗೂ ಜಾಗವಿತ್ತು, ಸಾಕು.

ಅವನಿಗೆ ಒಂದು ವಾದ್ಯವೂ ಬರದು, ಬಾಯಿ ಮಾತ್ರ ಜೋರು. ಹಾಗಾಗಿ ನಮ್ಮ ತಂಡದಲ್ಲಿ ಕುಣಿತ ಕೂಗುವವನಾದ. ನಮ್ಮ ಕಡೆ ಜನ ತಮಗೆ ತೋಚಿದಂತೆ ಕುಣಿಯುವುದಿಲ್ಲ. ಕೂಗುವವನು ಜೋಡಿ ಬದಲಿಸಿ ಎಂದರೆ ಬದಲಿಸಬೇಕು, ಸುತ್ತಿ ಎಂದರೆ ಸುತ್ತಬೇಕು. ಅವನು ಹೇಳುವ ಮೊದಲೇ ಹಿಡಿದ ಕೈ ಬಿಟ್ಟವರನ್ನು ಊರೆಲ್ಲ ವರ್ಷವಿಡೀ ಆಡಿಕೊಳ್ಳುತ್ತದೆ. ಡೆಲ್ಮರ್ ಕೂಗತೊಡಗಿದ ಮೇಲೆ ನಮ್ಮ ಕಾರ್ಯಕ್ರಮಗಳಿಗೆ ಜನ ಮುಗಿಬಿದ್ದರು. ಹೋದಲ್ಲೆಲ್ಲ ಹುರಿದ ಕೋಳಿ, ಪೀಚ್ ಹಣ್ಣಿನ ಕಡುಬು. ಒಬ್ಬ ಕಳ್ಳನನ್ನು ಇಷ್ಟು ಹಚ್ಚಿಕೊಂಡೆನಲ್ಲ ಎಂದು ನನಗೇ ನಗು ಬರುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ, ಹುಲ್ಲಿನ ಕೊಟ್ಟಿಗೆಯೊಂದರಲ್ಲಿ ಕುಣಿತ ಶುರುವಾಗಬೇಕು ಅನ್ನುವಾಗ ಶೆರಿಫ್ ಲೂಥರ್ ಪೋಗ್ ಹೆಂಡತಿ ಇಮೊಜೀನಳನ್ನೂ ಇಬ್ಬರು ಪೇದೆಗಳನ್ನೂ ಕರೆದುಕೊಂಡು ಬಂದ. ಡೆಲ್ಮರನ ಗುರುತು ಹಿಡಿದೇ ಬಂದಿದ್ದ. ಆದರೆ ಶೆರಿಫ್ ಹುದ್ದೆಯ ಚುನಾವಣೆ ಹತ್ತಿರವಿತ್ತು, ಕುಣಿಯಲು ನಿಂತ ಮತದಾರರ ಸಂತೋಷ ಕೆಡಿಸುವಷ್ಟು ದಡ್ಡ ಅವನಲ್ಲ.

"ಇದೊಂದು ಕುಣಿತ ಮುಗೀಲಿ, ಆಮೇಲೆ ನನ್ ಜೊತೆ ಬರ್ತೀಯ," ಅಂದ.

"ಆಗ್ಲಿ ಸಾಹೇಬ್ರೇ. ಅಲ್ಲೀತನಕ ಅಮ್ಮಾವ್ರನ್ನ ಸುಮ್ನೆ ಕೂರಿಸ್ತೀರಾ?"

ಎಲ್ಲರೂ ತಿರುಗಿ ನೋಡಿದರು. ಇಮೊಜೀನ್ ಆಗಲೇ ಎದ್ದು ನಿಂತಿದ್ದಳು. ಪೋಗ್ ಹಲ್ಲು ಕಚ್ಚಿಕೊಂಡು ಅವಳ ಕೈ ಹಿಡಿದ. ಪೇದೆಗಳನ್ನು ಹುಡುಗಿಯರು ಎಳೆದುಕೊಂಡು ಹೋದರು.

ಡೆಲ್ಮರ್ ಎಲ್ಲರನ್ನೂ ಒಂದೇ ದೊಡ್ಡ ಸುತ್ತಿನಲ್ಲಿ ನಿಲ್ಲಿಸಿ, ಕೈ ಕೈ ಹಿಡಿಸಿ, ಎಡಕ್ಕೆ ಸುತ್ತಲು ಕೂಗಿದ. ಸುತ್ತು ರಭಸ ಪಡೆಯಿತು. ಅವನು ನನಗೆ ಹ್ಯಾಟು ಎತ್ತಿ ತೋರಿಸಿ, ಹಿಂಬಾಗಿಲಿನಿಂದ ಹೊರಗೆ ನಡೆದ. ಕೈ ಬಿಡಿ ಎಂದು ಕೂಗಲೇ ಇಲ್ಲ.

ನಾವು ಬಾರಿಸುವುದು ನಿಲ್ಲಿಸಿದರೆ ಸುತ್ತು ಒಡೆಯುತ್ತಿತ್ತು, ಅವನು ಸಿಕ್ಕಿಬೀಳುತ್ತಿದ್ದ. ಕ್ಲೋವಿಸ್ ಹೆದರಿ ನನ್ನ ಮುಖ ನೋಡಿದ. ಪಿಟೀಲು ಕೆಳಗಿಟ್ಟರೆ ಮನೆಗೆ ಸೇರಿಸುವುದಿಲ್ಲ ಎಂದು ಗದರಿದೆ.

ಹೊರಗೆ ಕಾರು ಹೊರಟ ಸದ್ದು ಕೇಳಿಸಿತು. ಪೋಗ್ ಕೈ ಬಿಡಿಸಿಕೊಳ್ಳಲು ನೋಡಿದ. ಇಮೊಜೀನ್ ಬಿಗಿಯಾಗಿ ಹಿಡಿದಳು.

"ಮದ್ವೆ ಆದ್ಮೇಲೆ ನೀವು ನನ್ ಜೊತೆ ಕುಣೀತಿರೋದು ಇದೇ ಮೊದ್ಲು ಕಣ್ರೀ. ಕೂಗೋನು ಹೇಳ್ಲಿ, ಬಿಡ್ತೀನಿ."

ಪೋಗ್ ಬಾಗಿಲನ್ನು ನೋಡಿದ, ಕುಣಿತದ ಖುಷಿಗೆ ಕೆಂಪೇರಿದ ಅವಳ ಮುಖವನ್ನು ನೋಡಿದ. ಮುಂದಿನ ಸುತ್ತಿನಲ್ಲಿ ನನ್ನೆದುರು ಬಂದಾಗ ಏದುಸಿರು ಬಿಡುತ್ತಾ ಹೇಳಿದ:

"ಸ್ವಲ್ಪ ನಿಧಾನಕ್ಕೆ ಬಾರ್ಸಮ್ಮ."